ಕೇಳುವವನ ಕಾಯಕ

ಕಳೆದ ಜಾತ್ರೆಗೆಂದು ಬೆಂಗಳೂರಿನಿಂದ ಬಂದಿದ್ದ ನಮ್ಮ ಮಠದ ಹಳೆಯ ವಿದ್ಯಾರ್ಥಿಯೊಬ್ಬರು ಪ್ರಸಾದವಾದ ಮೇಲೆ ಒಂದು ಪ್ರಶ್ನೆಯನ್ನು ನಮ್ಮ ಮುಂದಿಟ್ಟರು. “ಬುದ್ಧಿ, ನಾವಿರುವ ಬಡಾವಣೆಯ ಸುತ್ತಮುತ್ತ ಭಾನುವಾರ ಬಂತೆಂದರೆ ಎರಡು ಮೂರು ಪುಸ್ತಕ ಬಿಡುಗಡೆ, ಉಪನ್ಯಾಸ, ಲೇಖಕರೊಡನೆ ಮಾತುಕತೆ ಇದ್ದೇ ಇರುತ್ತವೆ. ನಿವೃತ್ತನಾದ ಮೇಲೆ ಒಂದನ್ನೂ ಬಿಡದೆ ಹೋಗುತ್ತಿದ್ದೇನೆ. ಮನೆಗೆ ಹಿಂದಿರುಗಿದಾಗ, ‘ಇವತ್ತು ಏನು ಕೇಳಿ ಬಂದಿರಿ’ ಎಂದು ಮನೆಯವರು ಕೇಳುತ್ತಾರೆ. ಹೇಳಲು ನನ್ನ ಬಳಿ ಏನೂ ಇರುವುದಿಲ್ಲ. ದೋಷ ನನ್ನದೋ ಸಭೆಯದೋ ತಿಳಿಯದಾಗಿದೆ.”

ಆ ಕ್ಷಣಕ್ಕೆ ನಾವು ಶ್ರವಣ, ಮನನ, ನಿದಿಧ್ಯಾಸನಗಳ ಬಗೆಗೆ ನಾಲ್ಕು ಮಾತನ್ನು ಹೇಳಿ ಅವರನ್ನು ಕಳುಹಿಸಿಕೊಟ್ಟೆವು. ಅವರು ಕೈಮುಗಿದು ಹೋದರು. ಆದರೆ ನಾವು ಹೇಳಿದ್ದು ಉತ್ತರವಾಗಿರಲಿಲ್ಲವೆಂಬುದು ನಮಗೆ ತಿಳಿದಿತ್ತು. ಪುಸ್ತಕದ ಸಭೆಗಳನ್ನು ನಾವು ಇಪ್ಪತ್ತೈದು ವರ್ಷಗಳಿಂದ ಬಲ್ಲೆವಾದರೂ ಬಲ್ಲದ್ದು ವೇದಿಕೆಯ ಮೇಲಿನಿಂದ. ‘ದಿವ್ಯ ಸಾನ್ನಿಧ್ಯ’ ಎಂಬ ಸಾಲಿನ ಕೆಳಗೆ ಹೆಸರು ಅಚ್ಚಾದವನಿಗೆ ಸಭೆಯ ಕೊನೆಯ ಸಾಲಿನಿಂದ ಲೋಕ ಹೇಗೆ ಕಾಣುತ್ತದೆಂಬುದು ಗೊತ್ತಿರುವುದಿಲ್ಲ. ಆದುದರಿಂದ ಮಠದ ಕೆಲಸಕ್ಕೆಂದು ರಾಜಧಾನಿಗೆ ಹೋದಾಗಲೆಲ್ಲ ಒಂದು ದಿನ ಉಳಿದು, ಯಾರಿಗೂ ತಿಳಿಸದೆ ಇಂತಹ ಸಭೆಗಳಲ್ಲಿ ಕುಳಿತು ನೋಡಬೇಕೆಂದು ನಿಶ್ಚಯಿಸಿದೆವು. ಒಂದು ವರ್ಷದಲ್ಲಿ ಒಂಬತ್ತು ಸಭೆಗಳಾದವು. ಕಾವಿ ತೊಟ್ಟವನು ಹಿಂದಿನ ಸಾಲಿನಲ್ಲಿ ಅಡಗಿ ಕುಳಿತುಕೊಳ್ಳುವುದು ಸುಲಭವಲ್ಲ. ಎರಡು ಬಾರಿ ವ್ಯವಸ್ಥಾಪಕರು ಓಡಿಬಂದು ನಮ್ಮನ್ನು ವೇದಿಕೆಗೆ ಎಳೆದುಕೊಂಡು ಹೋದರೆಂಬುದನ್ನೂ, ನಾವು ಹೆಚ್ಚು ವಿರೋಧಿಸಲಿಲ್ಲವೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ನಗರದಲ್ಲಿ ಒಳ್ಳೆಯ ಸಭೆಗಳೇ ಇಲ್ಲವೆಂದು ಯಾರೂ ಭಾವಿಸಬಾರದು. ಬೆಂಗಳೂರಿಗೆ ಈ ವಿಷಯದಲ್ಲಿ ದೊಡ್ಡ ಪರಂಪರೆಯಿದೆ. ಬಿ. ಪಿ. ವಾಡಿಯಾ ಅವರು ಬಸವನಗುಡಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರನ್ನು ಸ್ಥಾಪಿಸಿದ್ದು 1945ರಲ್ಲಿ. ಡಿ. ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಆರಂಭಿಸಿದ್ದೂ ಅದೇ ವರ್ಷದಲ್ಲಿ. 1970ರಲ್ಲಿ ಸಾರ್ವಜನಿಕರು ತಮಗೆ ಅರ್ಪಿಸಿದ ಒಂದು ಲಕ್ಷ ರೂಪಾಯಿಗಳ ನಿಧಿಯನ್ನು ಗುಂಡಪ್ಪನವರು ಆ ಸಂಸ್ಥೆಗೇ ಕೊಟ್ಟುಬಿಟ್ಟರು. ಅವರು ಅಲ್ಲಿ ಬೆಳೆಸಿದ್ದು ಭಾಷಣದ ವೇದಿಕೆಯನ್ನಷ್ಟೇ ಅಲ್ಲ, ಒಂದು ಗ್ರಂಥವನ್ನು ಎದುರಿಗಿಟ್ಟುಕೊಂಡು ನಿಧಾನವಾಗಿ ಓದಿ ವಿಚಾರಮಾಡುವ ಅಭ್ಯಾಸವನ್ನು. ಹಿರಿಯರೊಬ್ಬರನ್ನು ಕೂರಿಸಿಕೊಂಡು ಅವರ ಬದುಕನ್ನೂ ಬರಹವನ್ನೂ ಪ್ರಶ್ನೋತ್ತರದ ಮೂಲಕ ಹೊರತೆಗೆಯುವ ‘ಮನೆಯಂಗಳದಲ್ಲಿ ಮಾತುಕತೆ’ಯಂತಹ ಕಾರ್ಯಕ್ರಮವನ್ನು ಸರಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೇ ನಡೆಸಿದೆ. ನಾವು ಹೋದ ಒಂಬತ್ತರಲ್ಲಿ ಮೂರು ಸಭೆಗಳು ಕಿವಿಗೂ ಬುದ್ಧಿಗೂ ಹಬ್ಬವಾಗಿದ್ದವು. ಚೆನ್ನಾಗಿದ್ದುದನ್ನು ವಿಸ್ತರಿಸುವ ಅಗತ್ಯವಿಲ್ಲ. ಉಳಿದ ಆರರ ಮಾತು ಬೇರೆ.

ಅವುಗಳಲ್ಲೊಂದನ್ನು ಗಡಿಯಾರ ನೋಡುತ್ತ ಕುಳಿತು ಅಳೆದೆವು. ಯಾವ ಸಂಸ್ಥೆಯದೆಂದು ಹೇಳುವುದಿಲ್ಲ, ಏಕೆಂದರೆ ಇದು ಅನೇಕ ಸಂಸ್ಥೆಗಳ ಕಥೆ. ಹತ್ತೂವರೆಗೆಂದು ಕರೆದ ಸಭೆ ಹನ್ನೊಂದು ಗಂಟೆ ಐದು ನಿಮಿಷಕ್ಕೆ ಪ್ರಾರಂಭವಾಯಿತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವಿಕೆ. ವೇದಿಕೆಯ ಮೇಲೆ ಏಳು ಜನ. ಏಳು ಜನರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಪ್ರತಿಯೊಬ್ಬರ ಪರಿಚಯವೂ ಪ್ರತ್ಯೇಕ. ಬಣ್ಣದ ಕಾಗದದಲ್ಲಿ ಸುತ್ತಿಟ್ಟಿದ್ದ ಪುಸ್ತಕವನ್ನು ಬಿಚ್ಚಿ ಎದೆಯ ಮಟ್ಟಕ್ಕೆ ಹಿಡಿದುಕೊಂಡು ನಿಂತ ಗಣ್ಯರು ಛಾಯಾಗ್ರಾಹಕನ ಅಪ್ಪಣೆಯಂತೆ ಎಡಕ್ಕೂ ಬಲಕ್ಕೂ ತಿರುಗಿದರು. ಬಳಿಕ ಉದ್ಘಾಟಕರು ಲೇಖಕರ ಸಜ್ಜನಿಕೆಯನ್ನು ಹೊಗಳಿದರು. ಮುಖ್ಯ ಅತಿಥಿಗಳು ಕನ್ನಡದ ಇಂದಿನ ದುಃಸ್ಥಿತಿಗೆ ಮರುಗಿದರು. ಅಧ್ಯಕ್ಷರು ತಮ್ಮ ಬಾಲ್ಯವನ್ನು ನೆನೆದರು. ಗ್ರಂಥವನ್ನು ಕುರಿತು ಮಾತನಾಡಬೇಕಾಗಿದ್ದ ಯುವಕ ಅಧ್ಯಾಪಕರೊಬ್ಬರು ಮಾತ್ರ ನಿಜವಾಗಿ ಓದಿಕೊಂಡು ಬಂದಿದ್ದರು. ಅವರು ಮಾತು ಆರಂಭಿಸಿದ ಹತ್ತನೆಯ ನಿಮಿಷಕ್ಕೆ ಚೀಟಿ ಬಂತು, ಹದಿನೈದನೆಯ ನಿಮಿಷಕ್ಕೆ ಎರಡನೆಯ ಚೀಟಿ ಬಂತು. ಲೇಖಕರ ಸರದಿ ಬರುವ ಹೊತ್ತಿಗೆ ಹಿಂಬದಿಯಿಂದ ಉಪ್ಪಿಟ್ಟಿನ ವಾಸನೆ ಬರುತ್ತಿತ್ತು. ಎರಡು ಗಂಟೆಯ ಕಾಲದಲ್ಲಿ ಆ ಪುಸ್ತಕದ ಒಳಗೆ ಏನಿದೆಯೆಂಬ ಬಗೆಗೆ ನಡೆದ ಮಾತು ಇಪ್ಪತ್ತೆರಡು ನಿಮಿಷ. ಪ್ರಶ್ನೆ ಕೇಳಲು ಯಾರಿಗೂ ಅವಕಾಶವಿರಲಿಲ್ಲ, ಕೇಳಬೇಕೆಂದು ಯಾರಿಗೂ ಅನ್ನಿಸಿದಂತೆಯೂ ಕಾಣಲಿಲ್ಲ.

ನಮ್ಮ ಸೀಮೆಯ ಸಭೆಗಳು ಇದಕ್ಕಿಂತ ಮೇಲೆಂದು ತಿಳಿಯುವಂತಿಲ್ಲ. 2025ರ ಮೇ 20ರಂದು ಲಂಡನ್ನಿನಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅನುವಾದಿಸಿದವರು ದೀಪಾ ಭಾಸ್ತಿ. ಅರಸೀಕೆರೆ ದಾಟಿದರೆ ಹಾಸನ. ಪಕ್ಕದ ಮನೆಯವರಿಗೆ ಬಂದ ಗೌರವವೆಂದು ನಮ್ಮವರೂ ಹಿಗ್ಗಿದರು, ಹಿಗ್ಗಬೇಕಾದದ್ದೇ. ಅದೇ ತಿಂಗಳಲ್ಲಿ ನಾವು ಕುಳಿತಿದ್ದ ಒಂದು ಸಭೆಯಲ್ಲಿ ಐದು ಜನ ಭಾಷಣಕಾರರು ಆ ಪ್ರಶಸ್ತಿಯ ಹಿರಿಮೆಯನ್ನು ಕೊಂಡಾಡಿದರು. ಆ ಲೇಖಕಿಯ ಒಂದು ಕಥೆಯ ಹೆಸರನ್ನು ಹೇಳಬಲ್ಲವರಾಗಿದ್ದವರು ಐವರಲ್ಲಿ ಒಬ್ಬರು, ಅವರು ಪ್ರೌಢಶಾಲೆಯ ಶಿಕ್ಷಕಿ. ಉಳಿದ ನಾಲ್ವರಲ್ಲಿ ನಾವೂ ಒಬ್ಬರಾಗಿದ್ದೆವು. ಕಥೆಗಳನ್ನು ಓದಿದ್ದು ಆಮೇಲೆ.

ಇಲ್ಲಿಯವರೆಗೆ ಹೇಳಿದ್ದನ್ನು ಓದಿ ನಗುವುದು ಸುಲಭ. ನಗುವಂತಿಲ್ಲದ ಒಂದು ಸಂಗತಿಯನ್ನು ಈಗ ಹೇಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ತುರುವೇಕೆರೆಯ ಕಡೆಯ ಶಾಲಾ ಶಿಕ್ಷಕರೊಬ್ಬರು ಒಂದು ಕಾದಂಬರಿಯನ್ನು ಬರೆದು, ಸಾಲ ಮಾಡಿ ಅಚ್ಚು ಹಾಕಿಸಿ, ನಮ್ಮ ಕೈಯಿಂದಲೇ ಬಿಡುಗಡೆಯಾಗಬೇಕೆಂದು ಬಂದು ಕೇಳಿದರು. ಒಪ್ಪಿಕೊಂಡೆವು. ಒಂದು ತಿಂಗಳು ಮೊದಲೇ ಪುಸ್ತಕವನ್ನು ಕೊಟ್ಟುಹೋಗಿದ್ದರು. ಆ ತಿಂಗಳಿನಲ್ಲಿ ಎರಡು ಶಿಲಾನ್ಯಾಸ, ಒಂದು ಸಾಮೂಹಿಕ ವಿವಾಹ, ಮತ್ತೊಂದು ಮಠದ ಪಟ್ಟಾಧಿಕಾರ ಮಹೋತ್ಸವ. ಪುಸ್ತಕ ಮೇಜಿನ ಮೇಲೆಯೇ ಉಳಿಯಿತು. ಸಭೆಗೆ ಹೋಗುವ ದಾರಿಯಲ್ಲಿ ಕಾರಿನೊಳಗೆ ಮುನ್ನುಡಿಯನ್ನೂ ಕೊನೆಯ ಎರಡು ಪುಟಗಳನ್ನೂ ನೋಡಿದೆವು. ವೇದಿಕೆಯ ಮೇಲೆ ನಿಂತು, ತೋಟವನ್ನು ಮಾರಿ ಪಟ್ಟಣ ಸೇರುವ ಇಂದಿನ ಯುವಕರಿಗೆ ಈ ಕೃತಿ ಎಚ್ಚರಿಕೆಯ ಗಂಟೆಯಾಗಿದೆಯೆಂದು ಮುಕ್ಕಾಲು ಗಂಟೆ ಮಾತನಾಡಿದೆವು. ಚಪ್ಪಾಳೆ ಬಿತ್ತು. ಲೇಖಕರು ನಮ್ಮ ಪಾದಕ್ಕೆರಗಿದರು. ಅವರ ಮುಖದಲ್ಲಿ ಸಂತೋಷವಿರಲಿಲ್ಲ. ಅದನ್ನು ಗಮನಿಸಿದೆವು, ದಣಿವಿರಬೇಕೆಂದುಕೊಂಡೆವು.

ಆ ಮಳೆಗಾಲದಲ್ಲಿ ಜ್ವರ ಬಂದು ಮಲಗಿದ್ದಾಗ ಪುಸ್ತಕವನ್ನು ಪೂರ್ತಿಯಾಗಿ ಓದಿದೆವು. ಅದರ ನಾಯಕ ತೋಟವನ್ನು ಮಾರುವುದು ಪಟ್ಟಣದ ಮೋಹಕ್ಕಲ್ಲ. ಕೊಳವೆಬಾವಿ ಬತ್ತಿ, ಗಿಡಗಳು ಒಣಗಿ, ಸಾಲ ಏರಿ, ತಂಗಿಯ ಮದುವೆಯೂ ಬಂದು, ಬೇರೆ ದಾರಿಯಿಲ್ಲದೆ ಮಾರುತ್ತಾನೆ. ಅವನು ಕೈನೀಡಿ ಸಹಾಯ ಕೇಳುವ ಸ್ಥಳಗಳಲ್ಲಿ ಒಂದು ಮಠವೂ ಇದೆ. ಆ ಮಠದಲ್ಲಿ ಅವನಿಗೆ ಆಶೀರ್ವಾದ ದೊರೆಯುತ್ತದೆ. ಲೇಖಕರು ಕೋಪದಿಂದ ಬರೆದಿರಲಿಲ್ಲ, ನೋವಿನಿಂದ ಬರೆದಿದ್ದರು. ಆ ಪ್ರಕರಣ ನೂರ ನಲವತ್ತನೆಯ ಪುಟದ ಆಸುಪಾಸಿನಲ್ಲಿದೆ. ಅದನ್ನು ನಾವು ಓದಲಿ ಎಂಬ ಆಸೆಯಿಂದಲೇ ಅವರು ನಮ್ಮನ್ನು ಕರೆದಿದ್ದರೆಂದು ನಮಗೀಗ ಅನ್ನಿಸುತ್ತದೆ. ನಾವು ಅವರದೇ ಸಭೆಯಲ್ಲಿ, ಅವರ ನಾಯಕನನ್ನೇ ತಪ್ಪಿತಸ್ಥನನ್ನಾಗಿ ಮಾಡಿ ಬಂದಿದ್ದೆವು.

ಇದಕ್ಕೂ ಹಿಂದಿನ ಇನ್ನೊಂದು ನೆನಪು ಇದರ ಜೊತೆಗೆ ಸೇರಿಕೊಳ್ಳುತ್ತದೆ. 1989ರಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ‘ಮಾರ್ಗ’ದ ಬರಹಗಳ ಬಗೆಗೆ ನಮ್ಮ ಸಮಾಜದಲ್ಲಿ ದೊಡ್ಡ ಕೋಲಾಹಲವೆದ್ದಿತು. ಒತ್ತಡಕ್ಕೆ ಸಿಲುಕಿ ಅವರು ತಮ್ಮ ಕೆಲವು ಮಾತುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಆಗ ನಾವು ಪಾಠಶಾಲೆಯಲ್ಲಿ ಸಂಸ್ಕೃತ ಓದುತ್ತಿದ್ದ ವಟುಗಳು. ಹಿರಿಯರೊಬ್ಬರು ಒಂದು ಖಂಡನಾ ಪತ್ರವನ್ನು ತಂದು ಸಹಿ ಹಾಕಿರೆಂದರು, ಸಾಲಾಗಿ ನಿಂತು ಹಾಕಿದೆವು. ಆ ಗ್ರಂಥವನ್ನು ಕಣ್ಣಿನಿಂದ ಕಂಡದ್ದು ವಿಶ್ವವಿದ್ಯಾನಿಲಯವನ್ನು ಸೇರಿದ ಮೇಲೆ. ಓದಿದಾಗ ಒಪ್ಪಬಹುದಾದದ್ದೂ ಇತ್ತು, ಒಪ್ಪಲಾಗದ್ದೂ ಇತ್ತು. ವಿದ್ವಾಂಸನ ಗ್ರಂಥ ಇರಬೇಕಾದದ್ದೇ ಹಾಗೆ. ಅದೇ ಕಲಬುರ್ಗಿಯವರು ಸಮಗ್ರ ವಚನ ಸಂಪುಟಗಳ ಪ್ರಧಾನ ಸಂಪಾದಕರಾಗಿ ಮಾಡಿದ ಕಾರ್ಯದ ಫಲವನ್ನು ಇಂದು ಪ್ರತಿಯೊಂದು ಮಠದ ಪ್ರವಚನಕಾರನೂ ಉಣ್ಣುತ್ತಿದ್ದಾನೆ. 2015ರ ಆಗಸ್ಟ್ 30ರಂದು ಅವರು ಧಾರವಾಡದ ತಮ್ಮ ಮನೆಯಲ್ಲಿಯೇ ಗುಂಡಿಗೆ ಬಲಿಯಾದರು. ಆ ಸುದ್ದಿ ಬಂದ ದಿನ ನಮಗೆ ಮೊದಲು ನೆನಪಾದದ್ದು ಆ ಸಹಿ.

ಓದದೆ ಖಂಡಿಸಿದವರೂ ನಾವೇ, ಓದದೆ ಹೊಗಳಿದವರೂ ನಾವೇ. ಎರಡೂ ಒಂದೇ ದೋಷವೆಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು. ಹೊಗಳಿಕೆಯಿಂದ ಯಾರ ಪ್ರಾಣಕ್ಕೂ ಅಪಾಯವಿಲ್ಲವೆಂದು ಕೆಲವರು ಸಮಾಧಾನ ಹೇಳಬಹುದು. ಆದರೆ ಹೊಗಳಿಸಿಕೊಳ್ಳುವುದಕ್ಕಷ್ಟೇ ಪುಸ್ತಕದ ಸಭೆಗೆ ಬಂದು ರೂಢಿಯಾದ ಸಮಾಜಕ್ಕೆ, ಒಂದು ದಿನ ತನಗೆ ಹಿಡಿಸದ ಪುಸ್ತಕ ಎದುರಾದಾಗ ಕೂಗುವುದೊಂದೇ ಗೊತ್ತಿರುತ್ತದೆ. ಎದುರು ಕುಳಿತು, ಪುಟ ತೆರೆದು, ‘ಈ ಮಾತಿಗೆ ಆಧಾರವೇನು’ ಎಂದು ಕೇಳುವ ಅಭ್ಯಾಸ ಅದಕ್ಕೆ ಇರುವುದಿಲ್ಲ.

ಹಾಗೆ ಕೇಳುವುದು ನಮ್ಮ ಪರಂಪರೆಗೆ ಹೊಸದೇನೂ ಅಲ್ಲ. ತುಮಕೂರಿಗೆ ಸಮೀಪದ ಗೂಳೂರಿನ ಸಿದ್ಧವೀರಣ್ಣೊಡೆಯರು ಪರಿಷ್ಕರಿಸಿದ ಶೂನ್ಯಸಂಪಾದನೆಯನ್ನು ತೆರೆದು ನೋಡಿ. ಆ ಗ್ರಂಥ ಆದ್ಯಂತವಾಗಿ ಸಂಭಾಷಣೆ. ಅಲ್ಲಿ ಪರಿಚಯ ಭಾಷಣವಿಲ್ಲ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಸ್ವಾಗತಿಸುವುದು ಕಠಿಣವಾದ ಪ್ರಶ್ನೆಗಳಿಂದ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನಂತಹ ಮಹಾನುಭಾವನನ್ನೂ ಪ್ರಭುಗಳು ಕೆಣಕದೆ ಬಿಡುವುದಿಲ್ಲ. ಬಸವಣ್ಣನವರಿಗೂ ರಿಯಾಯಿತಿಯಿಲ್ಲ. ಪ್ರಶ್ನೆಗೊಳಗಾದವರು ಅವಮಾನವೆಂದು ಎದ್ದುಹೋಗಲೂ ಇಲ್ಲ. ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತೆಂದು ನಾವು ವೇದಿಕೆಗಳಲ್ಲಿ ಕೊಂಡಾಡುತ್ತೇವೆ. ಆ ಮಾತನ್ನು ಹೇಳಿ ಮುಗಿಸಿದ ಮೇಲೆ, ಸಭಿಕರಲ್ಲೊಬ್ಬರು ಎದ್ದು ಪ್ರಶ್ನೆ ಕೇಳಿದರೆ ನಮ್ಮ ಹುಬ್ಬು ಗಂಟಿಕ್ಕುತ್ತದೆ.

ಆ ಗ್ರಂಥದಲ್ಲಿ ಆಯ್ದಕ್ಕಿ ಮಾರಯ್ಯನ ಪ್ರಸಂಗವೊಂದಿದೆ. ಪ್ರಭುಗಳೊಡನೆ ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತ ಮಾರಯ್ಯನಿಗೆ ತನ್ನ ಕಾಯಕದ ನೆನಪೇ ಹೋಗುತ್ತದೆ. ಲಕ್ಕಮ್ಮ ಬಂದು ಎಚ್ಚರಿಸುತ್ತಾಳೆ. ಕಾಯಕದಲ್ಲಿ ಕೈಲಾಸವನ್ನು ಕಂಡವನು ಸಾಕ್ಷಾತ್ ಅಲ್ಲಮರ ಉಪನ್ಯಾಸದಲ್ಲಿ ಕುಳಿತಿದ್ದರೂ ಆಕೆಗೆ ಅದು ಸಬೂಬಲ್ಲ. ಕೇಳಿದ್ದು ಕೈಗೆ ಇಳಿಯಬೇಕು, ಇಲ್ಲವಾದರೆ ಎದ್ದು ಬಾ ಎಂಬ ನಿಷ್ಠುರತೆ ಅವಳದು. ನಮ್ಮ ಹಳೆಯ ವಿದ್ಯಾರ್ಥಿಯ ಮನೆಯವರು ಪ್ರತಿ ಭಾನುವಾರ ಮಧ್ಯಾಹ್ನ ಕೇಳುತ್ತಿರುವುದು ಲಕ್ಕಮ್ಮನ ಪ್ರಶ್ನೆಯನ್ನೇ. ಆ ತಾಯಿಗೆ ನಮ್ಮ ಶರಣು.

ತೆಂಗಿನ ಸೀಮೆಯವರಿಗೆ ಇನ್ನೊಂದು ಬಗೆಯಲ್ಲಿಯೂ ಇದನ್ನು ಹೇಳಬಹುದು. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೇರಿಸಿದ ಕಾಯಿ ಹೆಚ್ಚುಕಡಿಮೆ ಒಂದು ವರ್ಷ ಅಲ್ಲಿಯೇ ಕುಳಿತಿರುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು, ಅಲ್ಲಾಡಿಸಿದರೆ ಸದ್ದು ಮಾಡುವವರೆಗೂ ರೈತ ಅದನ್ನು ಒಡೆಯುವುದಿಲ್ಲ. ನಗರದ ಶ್ರೋತೃವಿಗೆ ಅಟ್ಟವೇ ಇಲ್ಲ. ಬೆಳಿಗ್ಗೆ ಒಂದು ಸಭೆ, ಸಂಜೆ ಇನ್ನೊಂದು, ನಡುವೆ ಕೈಯೊಳಗಿನ ಫೋನು. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಕಚೇರಿಗೆ ‘ಅಟ್ಟ’ವೆಂದೇ ಹೆಸರು. ಕುರ್ತಕೋಟಿ, ಕಾರ್ನಾಡರಂತಹವರು ಅಲ್ಲಿ ಕುಳಿತು ಗಂಟೆಗಟ್ಟಲೆ ಹರಟಿದ್ದರಿಂದ ಕನ್ನಡಕ್ಕೆ ಎಷ್ಟು ಲಾಭವಾಯಿತೆಂಬುದು ಪ್ರಸಿದ್ಧ. ಅಲ್ಲಿ ಹಾರ ಹಾಕುತ್ತಿರಲಿಲ್ಲ.

ಒಂದು ಉಪನ್ಯಾಸ ಏನು ಮಾಡಬಲ್ಲದೆಂಬುದಕ್ಕೆ ನಿದರ್ಶನವನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಜನಿಸಿದ ಬಿ. ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಒಂದು ಭಾಷಣ ಮಾಡಿದರು. ಆಗ ಮೈಸೂರು ಬೇರೆ, ಧಾರವಾಡ ಬೇರೆ. ಒಂದು ಅರಸರದು, ಇನ್ನೊಂದು ಮುಂಬಯಿ ಇಲಾಖೆಯದು. ಆ ಒಂದು ಭಾಷಣವನ್ನು ಹೊಸಗನ್ನಡದ ಅರುಣೋದಯದ ಪ್ರಕರಣಗಳಲ್ಲೊಂದಾಗಿ ವಿದ್ವಾಂಸರು ಇಂದಿಗೂ ನೆನೆಯುತ್ತಾರೆ. ಹೇಳುವವರಿಗೆ ಹೇಳಲೇಬೇಕಾದದ್ದೊಂದಿತ್ತು, ಕೇಳಿದವರು ಅದನ್ನು ಮನೆಗೆ ಕೊಂಡೊಯ್ದರು. ಇನ್ನು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ. ನಂ. ಶ್ರೀಕಂಠಯ್ಯನವರು ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಸಹೃದಯನ ಸ್ಥಾನವನ್ನು ವಿವೇಚಿಸಿರುವ ಪುಟಗಳನ್ನು ನಮ್ಮ ಪಾಠಶಾಲೆಯ ವಿದ್ಯಾರ್ಥಿಗಳಿಗೆ ನಾವು ಕಡ್ಡಾಯವಾಗಿ ಓದಿಸುತ್ತೇವೆ. ನಮ್ಮ ಆಲಂಕಾರಿಕರ ಮತದಲ್ಲಿ ಕಾವ್ಯ ಪೂರ್ಣವಾಗುವುದು ಕವಿಯಲ್ಲಲ್ಲ, ಸಹೃದಯನಲ್ಲಿ. ಆ ಸಹೃದಯತೆ ತಾನಾಗಿ ಬರುವುದಿಲ್ಲ, ಕಾವ್ಯಾಭ್ಯಾಸದಿಂದ ತಿಕ್ಕಿ ತಿಕ್ಕಿ ಮನಸ್ಸು ಕನ್ನಡಿಯಾಗಬೇಕು. ಕೇಳುವುದು ವಿಶ್ರಾಂತಿಯಲ್ಲ, ಅದೊಂದು ಕೆಲಸವೆಂದು ಇದರ ಅರ್ಥ. ಒಂದೇ ಸೀಮೆಯ ಇಬ್ಬರಲ್ಲಿ ಒಬ್ಬರು ಹೇಗೆ ಮಾತನಾಡಬೇಕೆಂದು ತೋರಿಸಿದರು, ಇನ್ನೊಬ್ಬರು ಹೇಗೆ ಕೇಳಬೇಕೆಂದು ವಿವರಿಸಿದರು. ಆ ಸೀಮೆಯವರಾದ ನಮಗೆ ಎರಡೂ ಮರೆತಿದೆ.

ಮರೆಯದೆ ನಡೆಸುತ್ತಿರುವ ಸ್ಥಳಗಳೂ ಉಂಟು. ಹೆಗ್ಗೋಡಿನ ನೀನಾಸಮ್ಮಿನ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ಆಡಿದ ನಾಟಕವನ್ನು ಮರುದಿನ ಬೆಳಿಗ್ಗೆ ಶಿಬಿರಾರ್ಥಿಗಳೆಲ್ಲ ಕುಳಿತು ಚರ್ಚಿಸುತ್ತಾರೆ. ಆಡಿಸಿದವರು ಎದುರಿಗೇ ಇರುತ್ತಾರೆ. ನಮಗೆ ನೆರೆಯದೇ ಆದ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳವರು 1987ರಲ್ಲಿ ಶಿವಕುಮಾರ ಕಲಾಸಂಘವನ್ನೂ 1997ರಲ್ಲಿ ಶಿವಸಂಚಾರವನ್ನೂ ಕಟ್ಟಿದರು. 2019ರ ಆಗಸ್ಟ್ ತಿಂಗಳಿನಲ್ಲಿ ‘ಮತ್ತೆ ಕಲ್ಯಾಣ’ವೆಂದು ಅವರು ನಾಡಿನ ಜಿಲ್ಲೆಗಳನ್ನು ಸುತ್ತಿದಾಗ ಭಾಷಣ, ನಾಟಕಗಳ ಜೊತೆಗೆ ವಿದ್ಯಾರ್ಥಿಗಳೊಡನೆ ಸಂವಾದವನ್ನೂ ಇಟ್ಟುಕೊಂಡಿದ್ದರು. ಹುಡುಗ ಹುಡುಗಿಯರು ಜಾತಿಯ ಬಗೆಗೆ, ಮಠಗಳ ಬಗೆಗೆ ಕೇಳಬೇಕಾದದ್ದನ್ನು ಕೇಳಬಹುದಾಗಿತ್ತು. ಮಠದ ಅಂಗಳದಲ್ಲಿ ಇದು ಸಾಧ್ಯವಿಲ್ಲವೆಂಬ ಮಾತಿಗೆ ಇನ್ನು ಬೆಲೆಯಿಲ್ಲ.

ಹಾಗಾದರೆ ಬೆಂಗಳೂರಿನ ನಮ್ಮ ಶಿಷ್ಯರಿಗೆ ಏನು ಹೇಳೋಣ? ಸಭೆಗೆ ಹೋಗಬೇಡಿರೆಂದು ಹೇಳುವುದಿಲ್ಲ. ಖಾಲಿ ಕುರ್ಚಿಗಳಿಗೆ ಮಾತನಾಡುವ ಲೇಖಕನ ಕಷ್ಟವೂ ನಮಗೆ ಗೊತ್ತು. ತಿಂಗಳಿಗೆ ಎಂಟಕ್ಕೆ ಬದಲಾಗಿ ಎರಡಕ್ಕೆ ಹೋಗಿ. ಪುಸ್ತಕ ಮೊದಲೇ ಸಿಕ್ಕುವಂತಿದ್ದರೆ ಇಪ್ಪತ್ತು ಪುಟಗಳನ್ನಾದರೂ ಓದಿಕೊಂಡು ಹೋಗಿ. ಸಿಕ್ಕದಿದ್ದರೆ ಅಲ್ಲಿ ಕೊಂಡುಕೊಳ್ಳಿ, ನಿಮ್ಮ ಪಿಂಚಣಿಗೆ ಅದು ಭಾರವಲ್ಲ. ಗೌರವಪ್ರತಿಯನ್ನು ಕೈಚಾಚಿ ಕೇಳುವ ಚಾಳಿಯನ್ನಂತೂ ಬಿಡಬೇಕು, ತೋಟಕ್ಕೆ ಹೋದವನು ಎಳನೀರು ಕೇಳಿದಂತೆ ಅಲ್ಲ ಅದು. ಸಭೆಯಲ್ಲಿ ಅವಕಾಶ ಕೊಡದಿದ್ದರೆ ಉಪ್ಪಿಟ್ಟಿನ ಸಾಲಿನಲ್ಲಿ ಲೇಖಕರನ್ನು ಹಿಡಿದು ಒಂದೇ ಒಂದು ಪ್ರಶ್ನೆಯನ್ನು ಕೇಳಿ. ಎಷ್ಟೋ ಲೇಖಕರು ಆ ಒಂದು ಪ್ರಶ್ನೆಗಾಗಿ ಕಾದಿರುತ್ತಾರೆ. ಇಷ್ಟಾದ ಮೇಲೆ ಮನೆಯಲ್ಲಿ ಹೇಳಲು ಏನಾದರೂ ಉಳಿದೇ ಉಳಿಯುತ್ತದೆ. ಉಳಿಯದಿದ್ದರೆ ದೋಷ ಆ ದಿನದ ಸಭೆಯದೆಂದು ಧೈರ್ಯವಾಗಿ ತಿಳಿಯಬಹುದು, ಮತ್ತೊಮ್ಮೆ ಅತ್ತ ಹೋಗಬೇಕಾಗಿಲ್ಲ.

ನಮ್ಮ ಮಟ್ಟಿಗೆ ನಾವು ಎರಡು ಸಂಗತಿಗಳನ್ನು ನಿರ್ಧರಿಸಿದ್ದೇವೆ. ಓದದ ಪುಸ್ತಕವನ್ನು ಇನ್ನು ಬಿಡುಗಡೆ ಮಾಡುವುದಿಲ್ಲ. ಭಕ್ತರು ನೊಂದುಕೊಳ್ಳಬಾರದು, ಆಶೀರ್ವಾದ ಬೇಕಾದವರಿಗೆ ಅದು ಸದಾ ಇದೆ, ಅದಕ್ಕೆ ಮೈಕು ಬೇಕಾಗಿಲ್ಲ. ಎರಡನೆಯದು, ಬರುವ ಶ್ರಾವಣದಿಂದ ತಿಂಗಳಿಗೊಮ್ಮೆ ಮಠದ ಪ್ರಸಾದ ನಿಲಯದ ಜಗುಲಿಯಲ್ಲಿ ಒಂದು ಪುಸ್ತಕವನ್ನಿಟ್ಟುಕೊಂಡು ಕೂರುವುದು. ಪುಸ್ತಕದ ಹತ್ತು ಪ್ರತಿಗಳನ್ನು ಹದಿನೈದು ದಿನ ಮೊದಲೇ ಕೊಂಡು ಹಂಚಲಾಗುವುದು. ಬರೆದವರಿಗೆ ಕುರ್ಚಿ, ನಮ್ಮನ್ನೂ ಸೇರಿಸಿ ಉಳಿದವರಿಗೆಲ್ಲ ಜಮಖಾನೆ.

ಮೊದಲನೆಯ ತಿಂಗಳಿಗೆ ತುರುವೇಕೆರೆಯ ಆ ಶಿಕ್ಷಕರಿಗೇ ಕಾಗದ ಬರೆದೆವು. ನೂರ ನಲವತ್ತನೆಯ ಪುಟದ ಬಗೆಗೆ ಮಾತನಾಡುವುದಿದೆಯೆಂದು ಸೂಚಿಸಿದ್ದೆವು. ಮೂರು ವಾರ ಉತ್ತರ ಬರಲಿಲ್ಲ. ಕಳೆದ ಸೋಮವಾರ ಬಂತು. ಬರುತ್ತಾರಂತೆ. ಶಾಲು ಹೊದಿಸಕೂಡದೆಂದೂ, ನೂರ ನಲವತ್ತೊಂದನ್ನೂ ಓದಿಕೊಂಡಿರಬೇಕೆಂದೂ ಬರೆದಿದ್ದಾರೆ.